ಹೂಗ್ಲಿ ದಂಡೆಯ ಅಕ್ಷರ ಕುಟುಂಬ

1812ರ ಮಾರ್ಚ್ 11ರ ಸಂಜೆ. ಕಲ್ಕತ್ತದಿಂದ ಕೆಲವೇ ಮೈಲಿಗಳಷ್ಟು ಮೇಲಕ್ಕೆ, ಹೂಗ್ಲಿ ನದಿಯ ಪಶ್ಚಿಮ ದಂಡೆಯಲ್ಲಿರುವ ಸೆರಾಂಪುರದಲ್ಲಿ ಮುದ್ರಣಾಲಯದ ಕೆಲಸಗಾರರು ಅಂದಿನ ಕೆಲಸ ಮುಗಿಸಿ ಮನೆಗೆ ಹೊರಟಿದ್ದರು. ಒಳಗೆ ಕುಳಿತಿದ್ದ ವಿಲಿಯಂ ವಾರ್ಡ್ ಎಂಬ ಮಿಷನರಿಗೆ ಕಾಗದದ ಉಗ್ರಾಣದ ಕಡೆಯಿಂದ ಹೊಗೆ ಬರುತ್ತಿರುವುದು ಕಾಣಿಸಿತು. ಅವನು ಮೊದಲು ಮಾಡಿದ ಕೆಲಸವೆಂದರೆ ಕಟ್ಟಡದ ಎಲ್ಲ ಕಿಟಕಿ ಬಾಗಿಲುಗಳನ್ನು ಮುಚ್ಚಿಸಿದ್ದು. ಆಮೇಲೆ ಚಾವಣಿಗೆ ತೂತು ಕೊರೆಸಿ ಮೇಲಿನಿಂದ ನೀರು ಸುರಿಸಿದ. ಬೆಂಕಿ ಗಂಟೆಗಟ್ಟಲೆ ಒಳಗೊಳಗೇ ಕನಲುತ್ತಿತ್ತೇ ಹೊರತು ಭುಗಿಲೇಳಲಿಲ್ಲ. ಇನ್ನೇನು ಆರಿತು ಎನ್ನುವಾಗ ಯಾರೋ ಸಹಾಯ ಮಾಡುವ ಆತುರದಲ್ಲಿ ಕಿಟಕಿ ತೆರೆದರು. ಹೊರಗಿನ ಗಾಳಿ ನುಗ್ಗಿತು. ನಡುರಾತ್ರಿಯೊಳಗೆ ಚಾವಣಿ ಕುಸಿದು ಬಿದ್ದಿತ್ತು.

ಉರಿಯುವುದಕ್ಕೆ ಗಾಳಿಯಲ್ಲಿರುವ ಆಮ್ಲಜನಕ ಬೇಕೆಂಬುದನ್ನು ಇಂದು ಪ್ರೌಢಶಾಲೆಯ ಮಕ್ಕಳೆಲ್ಲ ಬಲ್ಲರು. ಆಗ ಆ ಅನಿಲವನ್ನು ಕಂಡುಹಿಡಿದು ನಲವತ್ತು ವರ್ಷಗಳೂ ತುಂಬಿರಲಿಲ್ಲ. ಸ್ವಾರಸ್ಯವೆಂದರೆ, ಸುಟ್ಟು ಬೂದಿಯಾದ ಇದೇ ಮುದ್ರಣಾಲಯದಿಂದ 22 ವರ್ಷಗಳ ಬಳಿಕ, ಅಂದರೆ 1834ರಲ್ಲಿ, ಆಮ್ಲಜನಕದ ಗುಣಗಳನ್ನು ವಿವರಿಸುವ ರಸಾಯನಶಾಸ್ತ್ರದ ಪುಸ್ತಕವೊಂದು ಹೊರಬಂತು. ಅದೂ ಬಂಗಾಳಿ ಭಾಷೆಯಲ್ಲಿ. ಧರ್ಮಪ್ರಚಾರಕ್ಕೆಂದು ಬಂದವರು ವ್ಯಾಕರಣ ಬರೆದು, ಪತ್ರಿಕೆ ನಡೆಸಿ, ಕಾಲೇಜು ಕಟ್ಟಿ, ರಸಾಯನಶಾಸ್ತ್ರದವರೆಗೆ ಬಂದದ್ದು ಹೇಗೆ? ಯಾವ ಭಾಷೆಯಲ್ಲಿ ಓದಿಸಬೇಕೆಂದು ಪ್ರತಿ ವರ್ಷ ಜೂನ್ ತಿಂಗಳಲ್ಲಿ ತಲೆ ಕೆಡಿಸಿಕೊಳ್ಳುವ ತಂದೆತಾಯಿಗಳು ಈ ಕಥೆಯನ್ನು ತಿಳಿದಿರುವುದು ಒಳ್ಳೆಯದು.

ಒಂದೇ ಪಂಕ್ತಿ, ಒಂದೇ ಹುಂಡಿ

ಸೆರಾಂಪುರ ಎಂಬುದು ಶ್ರೀರಾಮಪುರದ ಇಂಗ್ಲಿಷ್ ರೂಪ. ಆಗ ಅದು ಡೆನ್ಮಾರ್ಕ್ ದೇಶದ ವಸಾಹತು. ಡೇನರು ಇಟ್ಟ ಹೆಸರು ಫ್ರೆಡರಿಕ್ಸ್‌ನಗರ. ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳೆಂದರೆ ಆಗುತ್ತಿರಲಿಲ್ಲ. ಧರ್ಮದ ವಿಷಯದಲ್ಲಿ ಜನ ಕೆರಳಿದರೆ ವ್ಯಾಪಾರ ಕೆಟ್ಟೀತೆಂಬ ಭಯ. ಆದ್ದರಿಂದ 1799ರಲ್ಲಿ ಇಂಗ್ಲೆಂಡಿನಿಂದ ಬಂದಿಳಿದ ಬ್ಯಾಪ್ಟಿಸ್ಟ್ ಮಿಷನರಿಗಳು ಡೇನರ ಆಶ್ರಯ ಬೇಡಿದರು. 1800ರ ಜನವರಿಯಲ್ಲಿ ವಿಲಿಯಂ ಕೇರಿ ಅವರನ್ನು ಬಂದು ಸೇರಿಕೊಂಡ. ಅವನು 1793ರಲ್ಲೇ ಬಂಗಾಳಕ್ಕೆ ಬಂದು, ಹೊಟ್ಟೆಪಾಡಿಗೆ ನೀಲಿ ಕಾರ್ಖಾನೆಯೊಂದರ ಉಸ್ತುವಾರಿ ನೋಡಿಕೊಂಡು, ಬಿಡುವಿನಲ್ಲಿ ಬಂಗಾಳಿ ಮತ್ತು ಸಂಸ್ಕೃತ ಕಲಿಯುತ್ತಿದ್ದವನು.

ಈ ಗುಂಪಿನ ಮೂವರು ಮುಖ್ಯರಲ್ಲಿ ಯಾರೂ ದೊಡ್ಡ ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ. ಕೇರಿ ಚಿಕ್ಕಂದಿನಲ್ಲಿ ಚಮ್ಮಾರಿಕೆ ಕಲಿತವನು. ಪಾದರಕ್ಷೆ ಹೊಲಿಯುತ್ತಲೇ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ತಾನಾಗಿ ಕಲಿತ. ಜೋಶುವಾ ಮಾರ್ಶ್‌ಮನ್ ನೇಕಾರರ ಮನೆಯ ಹುಡುಗ, ಮುಂದೆ ಶಾಲಾ ಮಾಸ್ತರನಾದವನು. ವಾರ್ಡ್ ಮುದ್ರಣದ ಕೆಲಸ ಬಲ್ಲವನು, ಇಂಗ್ಲೆಂಡಿನಲ್ಲಿ ಪತ್ರಿಕೆಯ ಸಂಪಾದಕನಾಗಿದ್ದವನು. ಮೂವರ ಸಂಸಾರಗಳೂ ಒಂದೇ ಆವರಣದಲ್ಲಿದ್ದವು. ಊಟ ಒಂದೇ ಪಂಕ್ತಿಯಲ್ಲಿ. ಮನೆವಾರ್ತೆಯ ಮೇಲ್ವಿಚಾರಣೆ ಸರದಿಯ ಮೇಲೆ. ಯಾರು ಎಷ್ಟೇ ಗಳಿಸಿದರೂ ಹಣವೆಲ್ಲ ಒಂದೇ ಹುಂಡಿಗೆ. 1801ರಲ್ಲಿ ಕಲ್ಕತ್ತದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಕೇರಿಗೆ ತಿಂಗಳಿಗೆ 500 ರೂಪಾಯಿ ಸಂಬಳದ ಉಪಾಧ್ಯಾಯ ವೃತ್ತಿ ಸಿಕ್ಕಿತು. ಮುಂದೆ ಅದು 1000 ರೂಪಾಯಿಗೆ ಏರಿತು. ಆ ಕಾಲಕ್ಕೆ ಅದೊಂದು ಸಣ್ಣ ಜಹಗೀರು. ಅದರಲ್ಲಿ ಕೈಖರ್ಚಿಗೆಂದು ಅಲ್ಪಸ್ವಲ್ಪ ಇಟ್ಟುಕೊಂಡು ಉಳಿದುದನ್ನು ಅವನು ಮುದ್ರಣಾಲಯಕ್ಕೂ ಶಾಲೆಗಳಿಗೂ ಕೊಟ್ಟ. ಮಾರ್ಶ್‌ಮನ್ ದಂಪತಿಗಳು ನಡೆಸುತ್ತಿದ್ದ ವಸತಿ ಶಾಲೆಯ ಆದಾಯವೂ ಇದೇ ಹಾದಿ ಹಿಡಿಯಿತು. 1805ರಲ್ಲಿ ತಮ್ಮ ನಡವಳಿಕೆಯ ಕರಾರನ್ನು ಬರೆದುಕೊಂಡು, ವರ್ಷಕ್ಕೆ ಮೂರು ಸಲ ಎಲ್ಲರ ಮುಂದೆ ಓದಬೇಕೆಂದು ನಿಯಮ ಮಾಡಿಕೊಂಡರು.

ಇಷ್ಟು ಹೇಳಿ ಸುಮ್ಮನಾದರೆ ಕಥೆ ಸಂತರ ಚರಿತ್ರೆಯಂತಾದೀತು. ಕೇರಿಯ ಹೆಂಡತಿ ಡೊರೊತಿಗೆ ಇಂಡಿಯಾಕ್ಕೆ ಬರುವ ಮನಸ್ಸೇ ಇರಲಿಲ್ಲ. 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ ಮೇಲೆ ಆಕೆಯ ಚಿತ್ತ ಕೆಟ್ಟಿತು. 1807ರಲ್ಲಿ ಸಾಯುವವರೆಗೂ ಸರಿಹೋಗಲಿಲ್ಲ. ಗಂಡ ಒಂದು ಕೋಣೆಯಲ್ಲಿ ಕರಡು ತಿದ್ದುತ್ತಿದ್ದಾಗ ಆಕೆ ಪಕ್ಕದ ಕೋಣೆಯಲ್ಲಿ ಕೂಗಾಡುತ್ತಿದ್ದಳು. ನಲವತ್ತು ಭಾಷೆಗಳ ಕೀರ್ತಿಯನ್ನು ಹಾಡುವ ಪುಸ್ತಕಗಳು ಈ ಕೂಗನ್ನು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಪಂಡಿತರು ಮತ್ತು ಕಮ್ಮಾರರು

ಸೆರಾಂಪುರದವರ ನಂಬಿಕೆ ಸರಳವಾದದ್ದು: ದೇವರ ಮಾತನ್ನು ಜನರು ಮನೆಯಲ್ಲಿ ಆಡುವ ಭಾಷೆಯಲ್ಲೇ ಓದಬೇಕು. ಆದರೆ ಬಂಗಾಳಿಯಲ್ಲಿ ಆಗ ಪದ್ಯ ಸಮೃದ್ಧವಾಗಿತ್ತೇ ಹೊರತು ಅಚ್ಚಾದ ಗದ್ಯ ಇಲ್ಲವೆಂಬಷ್ಟು ಕಡಿಮೆ. ಕಾಗದ ಪತ್ರಗಳಿಗೆ, ದಸ್ತಾವೇಜುಗಳಿಗೆ ಬಳಸುವ ಗದ್ಯವೊಂದಿತ್ತು. ಪುಸ್ತಕಕ್ಕೆ ಒಗ್ಗುವ ಗದ್ಯವನ್ನು ಕಟ್ಟಿಕೊಳ್ಳಬೇಕಾಗಿತ್ತು. ಇದನ್ನು ಮಿಷನರಿಗಳಷ್ಟೇ ಮಾಡಿದರೆನ್ನುವುದು ತಪ್ಪು. ಕೇರಿಯ ಮುನ್ಷಿಯಾಗಿದ್ದ ರಾಮರಾಮ ಬಸು 1801ರಲ್ಲಿ ರಾಜಾ ಪ್ರತಾಪಾದಿತ್ಯನ ಚರಿತ್ರೆ ಬರೆದ. ಬಂಗಾಳಿಯೊಬ್ಬ ಬರೆದು ಬಂಗಾಳಿ ಲಿಪಿಯಲ್ಲಿ ಅಚ್ಚಾದ ಮೊದಲ ಗದ್ಯ ಪುಸ್ತಕವೆಂದು ಅದಕ್ಕೆ ಹೆಸರು. ಫೋರ್ಟ್ ವಿಲಿಯಂ ಕಾಲೇಜಿನ ಪಂಡಿತ ಮೃತ್ಯುಂಜಯ ವಿದ್ಯಾಲಂಕಾರ ಇನ್ನೂ ಗಟ್ಟಿ ಬರಹಗಾರ. ಇಬ್ಬರೂ ಕ್ರೈಸ್ತರಾಗಲಿಲ್ಲ. ಬಸು ಕ್ರಿಸ್ತನ ಮೇಲೆ ಗೀತೆ ಕಟ್ಟಿದ, ಹಿಂದೂ ಆಚಾರಗಳನ್ನು ಟೀಕಿಸಿ ಕಿರುಹೊತ್ತಗೆ ಬರೆದ, ಆದರೂ ಮತಾಂತರವಾಗದೆಯೇ 1813ರಲ್ಲಿ ತೀರಿಕೊಂಡ. ಕೇರಿಗೆ ಇದು ಕೊನೆಯವರೆಗೂ ಬಿಡಿಸಲಾಗದ ಒಗಟಾಗಿತ್ತು.

ಅಕ್ಷರಗಳನ್ನು ಕೊರೆದವನು ಪಂಚಾನನ ಕರ್ಮಕಾರ. ಹೆಸರೇ ಹೇಳುವಂತೆ ಕಮ್ಮಾರರ ಕುಲದವನು. 1778ರಲ್ಲಿ ಅಚ್ಚಾದ ಹಾಲ್‌ಹೆಡ್‌ನ ಬಂಗಾಳಿ ವ್ಯಾಕರಣಕ್ಕೆ ಚಾರ್ಲ್ಸ್ ವಿಲ್ಕಿನ್ಸ್‌ನ ಕೈಕೆಳಗೆ ಮೊಳೆ ಕೊರೆದ ಅನುಭವ ಅವನಿಗಿತ್ತು. ಮೊಳೆ ಮಾಡುವ ಕ್ರಮ ಹೀಗೆ: ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೊರೆಯಬೇಕು, ಇದೇ ಪಂಚು. ಅದನ್ನು ತಾಮ್ರದ ಮೇಲೆ ಬಡಿದರೆ ತಗ್ಗಾದ ಪಡಿಯಚ್ಚು ಸಿಗುತ್ತದೆ. ಆ ಪಡಿಯಚ್ಚಿಗೆ ಕರಗಿಸಿದ ಸೀಸದ ಮಿಶ್ರಲೋಹ ಹೊಯ್ದರೆ ಬೇಕಾದಷ್ಟು ಮೊಳೆಗಳು. ರೋಮನ್ ಲಿಪಿಗೆ ನೂರರ ಆಸುಪಾಸಿನ ಪಂಚುಗಳು ಸಾಕು. ಒತ್ತಕ್ಷರ, ಗುಣಿತಾಕ್ಷರಗಳಿರುವ ನಮ್ಮ ಲಿಪಿಗಳಿಗೆ ನೂರಾರು ಬೇಕು. ಪಂಚಾನನ ತನ್ನ ವಿದ್ಯೆಯನ್ನು ಅಳಿಯ ಮನೋಹರನಿಗೆ ಕಲಿಸಿ ಹೋದ. ಮನೋಹರ ದಶಕಗಳ ಕಾಲ ಒಂದಾದ ಮೇಲೊಂದು ಲಿಪಿ ಕೊರೆದ.

ಬೆಂಕಿಯ ಮರುದಿನ ಬೂದಿ ಕೆದಕಿದಾಗ ಸಿಕ್ಕಿದ್ದು ಈ ಉಕ್ಕಿನ ಪಂಚುಗಳೇ. ಮೊಳೆಗಳು ಕರಗಿ ಉಂಡೆಯಾಗಿದ್ದವು, ಆದರೆ ಉಕ್ಕಿಗೆ ಏನೂ ಆಗಿರಲಿಲ್ಲ. ಸೀಸದ ಮಿಶ್ರಲೋಹ ಸುಮಾರು 300 ಡಿಗ್ರಿಯೊಳಗೇ ಕರಗುತ್ತದೆ. ಉಕ್ಕು ಕರಗಲು 1400 ಡಿಗ್ರಿ ದಾಟಬೇಕು. ಕರಗಿದ ಲೋಹವನ್ನೇ ಬಾಚಿ ಮತ್ತೆ ಎರಕ ಹೊಯ್ದು ಕೆಲವೇ ವಾರಗಳಲ್ಲಿ ಮುದ್ರಣ ಆರಂಭಿಸಿದರು. ಸುದ್ದಿ ಇಂಗ್ಲೆಂಡಿಗೆ ಮುಟ್ಟಿದಾಗ ಎರಡು ತಿಂಗಳೊಳಗೆ ನಷ್ಟ ತುಂಬುವಷ್ಟು ಚಂದಾ ಕೂಡಿತು. ಕೂಡದೇ ಹೋದದ್ದು ಹಸ್ತಪ್ರತಿಗಳು. ಕೇರಿ ವರ್ಷಗಟ್ಟಲೆ ಕೂಡಿಸಿದ್ದ ಬಹುಭಾಷಾ ನಿಘಂಟಿನ ಸಾಮಗ್ರಿ, ತೆಲುಗು ಮತ್ತು ಪಂಜಾಬಿ ವ್ಯಾಕರಣಗಳು ಸುಟ್ಟುಹೋಗಿದ್ದವು. ಕಲ್ಕತ್ತದಲ್ಲಿದ್ದ ಅವನಿಗೆ ಸುದ್ದಿ ಹೇಳಲು ಮಾರ್ಶ್‌ಮನ್ ದೋಣಿಯಲ್ಲಿ ಹೋದ. ಆಗ ಕೇರಿಗೆ ಐವತ್ತು ವರ್ಷ. ಮೊದಲಿನಿಂದ ಬರೆಯಲು ಕುಳಿತ.

ಹಾಗೆ ಮತ್ತೆ ಕುಳಿತು ಬರೆದ ವರ್ಷಗಳಲ್ಲೇ ಕನ್ನಡದ ಸರದಿಯೂ ಬಂತು. 1817ರಲ್ಲಿ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾಯಿತು. ಕನ್ನಡ ನಾಡನ್ನು ಕಣ್ಣಿಂದ ಕಾಣದವನು, ಪಂಡಿತರ ನೆರವಿನಿಂದ, ಬಂಗಾಳದಲ್ಲಿ ಕುಳಿತು ಬರೆದ ಪುಸ್ತಕ ಅದು. ಕೇಶಿರಾಜನ ಪರಂಪರೆಯವರ ಕಣ್ಣಿಗೆ ಅದು ಕೊರತೆಗಳ ಮೂಟೆಯಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೂ ಅಚ್ಚಿನ ರೂಪದಲ್ಲಿ ಬಂದ ಕನ್ನಡ ವ್ಯಾಕರಣಗಳಲ್ಲಿ ಬಹಳ ಹಳೆಯದು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಹುಟ್ಟಲು ಇನ್ನೂ 24 ವರ್ಷಗಳಿದ್ದವು.

ಆಕಾಶಬುಟ್ಟಿಯ ಸುದ್ದಿ

1818ರ ಏಪ್ರಿಲ್‌ನಲ್ಲಿ ಸೆರಾಂಪುರದಿಂದ 'ದಿಗ್ದರ್ಶನ' ಎಂಬ ಮಾಸಪತ್ರಿಕೆ ಹೊರಟಿತು. ಬಂಗಾಳಿಯ ಮೊದಲ ನಿಯತಕಾಲಿಕ, ಉದ್ದೇಶಿಸಿದ್ದು ಯುವಕರಿಗೆ. ಮೊದಲ ಸಂಚಿಕೆ ತೆರೆದರೆ ಧರ್ಮೋಪದೇಶ ಸಿಗುತ್ತದೆಂದು ಯಾರಾದರೂ ಊಹಿಸಬಹುದು. ಸಿಗುವುದು ಅಮೆರಿಕ ಖಂಡದ ಶೋಧ, ಹಿಂದೂಸ್ಥಾನದ ಎಲ್ಲೆಗಳು, ಇಲ್ಲಿನ ವ್ಯಾಪಾರದ ಸರಕುಗಳು. ಜೊತೆಗೆ, ಐರ್ಲೆಂಡಿನ ಡಬ್ಲಿನ್ ನಗರದಿಂದ ಸಮುದ್ರ ದಾಟಿ ಹಾರಿದ ಸ್ಯಾಡ್ಲರ್ ಎಂಬವನ ಬೆಲೂನ್ ಪ್ರಯಾಣ. ಆ ಹಾರಾಟ ನಡೆದದ್ದು 1817ರ ಜುಲೈಯಲ್ಲಿ. ಹಡಗಿನಲ್ಲಿ ಪತ್ರ ಬರಲು ಐದಾರು ತಿಂಗಳು ಹಿಡಿಯುತ್ತಿದ್ದ ದಿನಗಳಲ್ಲಿ, ಒಂದು ವರ್ಷದೊಳಗೆ ಬಂಗಾಳದ ಹುಡುಗರು ಅದನ್ನು ತಮ್ಮ ಭಾಷೆಯಲ್ಲಿ ಓದಿದರು. ಇಂದಿನ ಎಷ್ಟೋ ಪಠ್ಯಪುಸ್ತಕಗಳು ಈ ವೇಗದಲ್ಲಿ ಪರಿಷ್ಕರಣೆಗೊಳ್ಳುವುದಿಲ್ಲ.

ಮುಂದಿನ ತಿಂಗಳು, ಮೇ 23ರಂದು, 'ಸಮಾಚಾರ ದರ್ಪಣ' ವಾರಪತ್ರಿಕೆ ಬಂತು. ಸರಕಾರ ಕೆರಳೀತೆಂದು ಕೇರಿ ಹಿಂಜರಿದಿದ್ದ, ಮಾರ್ಶ್‌ಮನ್ ಒಪ್ಪಿಸಿದ. ಸರಕಾರ ಕೆರಳಲಿಲ್ಲ, ಗವರ್ನರ್ ಜನರಲ್ ಹೇಸ್ಟಿಂಗ್ಸ್ ಪತ್ರಿಕೆಯನ್ನು ಕಾಲುಭಾಗ ಅಂಚೆ ವೆಚ್ಚದಲ್ಲಿ ಕಳುಹಿಸಲು ಅನುಮತಿ ಕೊಟ್ಟ. ಇದೇ ಮುದ್ರಣಾಲಯದಲ್ಲಿ ಮೊದಲು ಕೆಲಸ ಮಾಡಿದ್ದ ಗಂಗಾಕಿಶೋರ ಭಟ್ಟಾಚಾರ್ಯ ಹೆಚ್ಚುಕಡಿಮೆ ಅದೇ ಸಮಯದಲ್ಲಿ ಕಲ್ಕತ್ತದಲ್ಲಿ ತನ್ನದೇ ಬಂಗಾಳಿ ವಾರಪತ್ರಿಕೆ ಹೊರಡಿಸಿದ. ಯಾವುದು ಮೊದಲು ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ತೀರಿಲ್ಲ. ಕನ್ನಡಕ್ಕೆ 'ಮಂಗಳೂರು ಸಮಾಚಾರ' ಬಂದದ್ದು 1843ರಲ್ಲಿ.

ಪತ್ರಿಕೆ, ಪುಸ್ತಕ ಎರಡಕ್ಕೂ ಕಾಗದ ಬೇಕು, ಕಾಗದಕ್ಕೆ ಗೆದ್ದಲು ಮುಗಿಬೀಳುತ್ತಿತ್ತು. ಸೆರಾಂಪುರದವರು ಸ್ವಂತ ಕಾಗದದ ಗಿರಣಿ ಹಾಕಿದರು. ಮೊದಲು ಆಳುಗಳು ಚಕ್ರ ತುಳಿದು ಯಂತ್ರ ಓಡಿಸಬೇಕಾಗಿತ್ತು. ಅದರಲ್ಲಿ ಸಿಕ್ಕಿ ಒಬ್ಬ ಕೆಲಸಗಾರ ಸತ್ತ. ಅದಾದ ಮೇಲೆ ಇಂಗ್ಲೆಂಡಿನಿಂದ 12 ಅಶ್ವಶಕ್ತಿಯ ಉಗಿಯಂತ್ರ ತರಿಸಿ 1820ರಲ್ಲಿ ಓಡಿಸಿದರು. 'ಬೆಂಕಿಯ ಯಂತ್ರ' ನೋಡಲು ಸುತ್ತಲಿನ ಊರುಗಳಿಂದ ಜನ ಬಂದರು.

ಕೇರಿಗೆ ಗಿಡಮರಗಳ ಹುಚ್ಚೂ ಇತ್ತು. ರಾಕ್ಸ್‌ಬರೋನ ಭಾರತೀಯ ಸಸ್ಯಗಳ ಮಹಾಗ್ರಂಥವನ್ನು ಲೇಖಕ ತೀರಿಕೊಂಡ ಮೇಲೆ ಸಂಪಾದಿಸಿ ಅಚ್ಚು ಹಾಕಿಸಿದವನು ಅವನೇ. ನಮ್ಮ ಮಲೆನಾಡಿನಲ್ಲಿ ಕವಲು ಎಂದು ಕರೆಯುವ ಕಾಡುಮರದ ಸಸ್ಯಶಾಸ್ತ್ರೀಯ ಹೆಸರು ಕೇರಿಯಾ ಆರ್ಬೋರಿಯಾ. ರಾಕ್ಸ್‌ಬರೋ ಅದಕ್ಕೆ ಗೆಳೆಯನ ಹೆಸರನ್ನಿಟ್ಟಿದ್ದ.

ಕಾಲೇಜು: ಯಾರಿಗೆ, ಯಾವ ಭಾಷೆಯಲ್ಲಿ?

ಅದೇ 1818ರಲ್ಲಿ ಕಾಲೇಜಿನ ಯೋಜನೆ ಪ್ರಕಟವಾಯಿತು. ಕ್ರೈಸ್ತರಿಗೂ ಇತರ ಯುವಕರಿಗೂ ಪೌರಸ್ತ್ಯ ಸಾಹಿತ್ಯ ಮತ್ತು ಪಾಶ್ಚಾತ್ಯ ವಿಜ್ಞಾನ ಎರಡನ್ನೂ ಕಲಿಸುವುದು ಅದರ ಗುರಿ. ಮೊದಲ ತಂಡದ 37 ವಿದ್ಯಾರ್ಥಿಗಳಲ್ಲಿ 19 ಜನ ಮಾತ್ರ ಕ್ರೈಸ್ತರು. ಸಂಸ್ಕೃತ ಬಲ್ಲ, ಹಿಂದೂ ಶಾಸ್ತ್ರಗಳನ್ನೂ ಓದಿಕೊಂಡ ಬೋಧಕರು ತಯಾರಾಗಬೇಕೆಂಬುದು ಸ್ಥಾಪಕರ ಆಸೆ. ಇದನ್ನು ನಿಷ್ಪಕ್ಷಪಾತ ಎನ್ನಲಾಗದು. ತಮ್ಮ ಧರ್ಮವನ್ನು ಚೆನ್ನಾಗಿ ವಾದಿಸಬಲ್ಲವರು ಬೇಕೆಂಬ ಲೆಕ್ಕಾಚಾರ ಅದರಲ್ಲಿತ್ತು. ಆದರೆ ಲೆಕ್ಕಾಚಾರದ ಫಲವಾಗಿ ಹುಡುಗರಿಗೆ ಸಿಕ್ಕ ಪಾಠ ವಿಶಾಲವಾಗಿತ್ತು. ವಿಜ್ಞಾನವನ್ನು ಬಂಗಾಳಿಯಲ್ಲಿ ಕಲಿಸಬೇಕು. ತಾಯ್ನುಡಿ ಗಟ್ಟಿಯಾದ ಮೇಲೆ ಆಯ್ದವರಿಗೆ ಇಂಗ್ಲಿಷ್ ಎಂಬುದು ನಿಯಮ.

ಇಲ್ಲಿಯೇ ಪಾರಿಭಾಷಿಕ ಪದಗಳ ತೊಡಕು ಎದುರಾದದ್ದು. ಕೇರಿಯ ಹಿರಿಯ ಮಗ ಫೆಲಿಕ್ಸ್ ಬಂಗಾಳಿಯಲ್ಲಿ ವಿಶ್ವಕೋಶ ಬರೆಯಲು ಹೊರಟು, 1820ರಲ್ಲಿ ಅಂಗರಚನಾ ಶಾಸ್ತ್ರದ ಸಂಪುಟ ಮುಗಿಸಿದ. ಎಲುಬು, ನರ, ಸ್ನಾಯುಗಳಿಗೆಲ್ಲ ಸಂಸ್ಕೃತದಿಂದ ಹೆಸರು ಕಟ್ಟಿದ. 1822ರಲ್ಲಿ ತೀರಿಕೊಂಡದ್ದರಿಂದ ವಿಶ್ವಕೋಶ ಅಲ್ಲಿಗೇ ನಿಂತಿತು. 1821ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ಜಾನ್ ಮ್ಯಾಕ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ. ಆರಂಭದಲ್ಲಿ ಹೇಳಿದ 1834ರ 'ಕಿಮಿಯಾ ವಿದ್ಯಾರ್ ಸಾರ್' ಅವನದು. ಇಂಗ್ಲಿಷ್ ಪಾಠವೂ ಬಂಗಾಳಿ ಪಾಠವೂ ಜೊತೆಗಿರುವ ಪುಸ್ತಕ. ಅವನು ಫೆಲಿಕ್ಸ್‌ನ ದಾರಿ ಹಿಡಿಯದೆ ಮೂಲವಸ್ತುಗಳ ಯುರೋಪಿನ ಹೆಸರುಗಳನ್ನು ಬಂಗಾಳಿ ಲಿಪಿಯಲ್ಲಿ ಬರೆದ.

ಯಾರು ಸರಿ? ನಮ್ಮ ಕನ್ನಡದ 'ಆಮ್ಲಜನಕ'ವನ್ನೇ ನೋಡಿದರೆ ಮ್ಯಾಕ್‌ನ ಎಚ್ಚರಿಕೆ ಅರ್ಥವಾಗುತ್ತದೆ. ಆಮ್ಲಗಳೆಲ್ಲ ಈ ಅನಿಲದಿಂದಲೇ ಹುಟ್ಟುತ್ತವೆಂದು ಲವಾಸಿಯೆ ನಂಬಿ ಆಕ್ಸಿಜನ್ ಎಂಬ ಹೆಸರಿಟ್ಟ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೆಂದು 1810ರಲ್ಲಿ ಡೇವಿ ತೋರಿಸಿದ. ಅಷ್ಟರಲ್ಲಿ ಹೆಸರು ಬೇರೂರಿತ್ತು. ಅರ್ಥ ನೋಡಿ ಭಾಷಾಂತರಿಸುವವನು ಗಿಡದ ಜೊತೆಗೆ ಹುಳವನ್ನೂ ತಂದು ನೆಡುತ್ತಾನೆ. ಹಾಗೆಂದು ಫೆಲಿಕ್ಸ್ ದಡ್ಡನಲ್ಲ. ಎದೆಗೂಡು, ಬೆನ್ನುಹುರಿ ಎಂದ ಕೂಡಲೇ ಕನ್ನಡದ ಹುಡುಗಿಗೆ ಅಂಗ ಕಣ್ಣಿಗೆ ಕಟ್ಟುತ್ತದೆ. ಲ್ಯಾಟಿನ್ ಹೆಸರಿನಿಂದ ಅದಾಗದು. ಇನ್ನೂರು ವರ್ಷ ಕಳೆದರೂ ಕನ್ನಡದ ವಿಜ್ಞಾನ ಲೇಖಕರು ಈ ಇಬ್ಬರ ನಡುವೆಯೇ ಓಲಾಡುತ್ತಿದ್ದಾರೆ.

ನಂಬಿಕೆಯ ಬೇಲಿ

ಬರಹಕ್ಕೆ ನಂಬಿಕೆ ಬಲ ಕೊಟ್ಟಂತೆ ಬೇಲಿಯನ್ನೂ ಹಾಕಿತು. 1807ರಲ್ಲಿ ಪೈಗಂಬರರನ್ನು ಕುರಿತು ಒರಟಾಗಿ ಬರೆದ ಪರ್ಷಿಯನ್ ಕಿರುಹೊತ್ತಗೆಯೊಂದು ಇದೇ ಮುದ್ರಣಾಲಯದಿಂದ ಹೊರಬಿದ್ದು ದೊಡ್ಡ ಗಲಾಟೆಯಾಯಿತು. ಹಿಂದಿನ ವರ್ಷವಷ್ಟೇ ವೆಲ್ಲೂರಿನಲ್ಲಿ ಸಿಪಾಯಿಗಳು ದಂಗೆ ಎದ್ದಿದ್ದರಿಂದ ಕಂಪನಿ ಸರಕಾರ ನಡುಗಿ, ಮುದ್ರಣಾಲಯವನ್ನು ಕಲ್ಕತ್ತಕ್ಕೆ ಸಾಗಿಸಿ ತನ್ನ ಕಣ್ಣಳತೆಯಲ್ಲಿಡಬೇಕೆಂದು ಆಜ್ಞೆ ಮಾಡಿತು. ಡೇನಿಷ್ ಗವರ್ನರ್ ಅಡ್ಡ ನಿಂತದ್ದರಿಂದ ಅದು ಉಳಿಯಿತು. ತಪ್ಪು ಸೆರಾಂಪುರದವರದೇ, ಅಚ್ಚಿಗೆ ಹೋಗುವ ಮುನ್ನ ಅದನ್ನು ಯಾರೂ ಸರಿಯಾಗಿ ನೋಡಿರಲಿಲ್ಲ.

ರಾಮಮೋಹನ ರಾಯರ ಪ್ರಸಂಗ ಇದಕ್ಕಿಂತ ಆಳವಾದದ್ದು. 1820ರಲ್ಲಿ ರಾಯರು ಏಸುವಿನ ನೀತಿಬೋಧೆಗಳನ್ನಷ್ಟೇ ಆಯ್ದು, ಪವಾಡಗಳನ್ನೂ ತ್ರಯೈಕ್ಯದಂಥ ಸಿದ್ಧಾಂತವನ್ನೂ ಬಿಟ್ಟು ಪುಸ್ತಕ ಮಾಡಿದರು. ಕ್ರೈಸ್ತರು ಮೆಚ್ಚಿಯಾರೆಂದು ಹಲವರು ಎಣಿಸಿದ್ದರು. ಮಾರ್ಶ್‌ಮನ್ ತಮ್ಮ 'ಫ್ರೆಂಡ್ ಆಫ್ ಇಂಡಿಯಾ' ಪತ್ರಿಕೆಯಲ್ಲಿ ಕಟುವಾಗಿ ಖಂಡಿಸಿದ. ದೈವತ್ವ ತೆಗೆದರೆ ಉಳಿಯುವುದು ತಮ್ಮ ಧರ್ಮವಲ್ಲವೆಂಬುದು ಅವನ ವಾದ. ರಾಯರು ಗ್ರೀಕ್, ಹೀಬ್ರೂ ಮೂಲಗಳನ್ನೇ ಹಿಡಿದು ಮೂರು ಉತ್ತರಗಳನ್ನು ಬರೆದರು. ಮೊದಲೆರಡನ್ನು ಅಚ್ಚು ಹಾಕಿದ್ದ ಕಲ್ಕತ್ತದ ಬ್ಯಾಪ್ಟಿಸ್ಟ್ ಮಿಷನ್ ಮುದ್ರಣಾಲಯ ಮೂರನೆಯದನ್ನು ನಿರಾಕರಿಸಿತು. ರಾಯರು ತಮ್ಮದೇ ಮುದ್ರಣಾಲಯ ಹೂಡಿ 1823ರಲ್ಲಿ ಅದನ್ನು ಹೊರತಂದರು. ಈ ನಡುವೆ ರಾಯರೊಡನೆ ಚರ್ಚಿಸುತ್ತಿದ್ದ ವಿಲಿಯಂ ಆಡಂ ಎಂಬ ಬ್ಯಾಪ್ಟಿಸ್ಟ್ ಮಿಷನರಿಯೇ ಅವರ ಕಡೆಗೆ ವಾಲಿ ತ್ರಯೈಕ್ಯವನ್ನು ಬಿಟ್ಟ. ಆಡಂ ಎರಡನೇ ಸಲ ಪತನವಾದ ಎಂದು ಕಲ್ಕತ್ತದ ಆಂಗ್ಲರು ನಕ್ಕರು.

ಆದರೆ ಇದೇ ಎದುರಾಳಿಗಳು ಸತಿ ಪದ್ಧತಿಯ ವಿಷಯದಲ್ಲಿ ಒಂದೇ ಕಡೆ ಇದ್ದರು. ಶಾಸ್ತ್ರ ಅದನ್ನು ವಿಧಿಸುವುದಿಲ್ಲವೆಂದು ಪಂಡಿತ ಮೃತ್ಯುಂಜಯ 1817ರಲ್ಲೇ ಅಭಿಪ್ರಾಯ ಕೊಟ್ಟಿದ್ದ. 1829ರ ಡಿಸೆಂಬರ್ 4ರಂದು ನಿಷೇಧದ ಕಾಯಿದೆ ಆದಾಗ, ಅದರ ಬಂಗಾಳಿ ಭಾಷಾಂತರದ ಕೆಲಸ ಕೇರಿಯ ಕೈಗೆ ಬಂದದ್ದು ಭಾನುವಾರ ಬೆಳಿಗ್ಗೆ. ಅಂದು ಅವನು ಚರ್ಚಿನಲ್ಲಿ ಪ್ರಸಂಗ ಮಾಡಬೇಕಾಗಿತ್ತು. ಒಂದು ದಿನ ತಡವಾದರೆ ಎಷ್ಟು ಜೀವಗಳು ಹೋದಾವೋ ಎಂದು ಪ್ರಸಂಗವನ್ನು ಬೇರೊಬ್ಬರಿಗೆ ಒಪ್ಪಿಸಿ, ಪಂಡಿತನನ್ನು ಕೂರಿಸಿಕೊಂಡು ಸಂಜೆಯೊಳಗೆ ಮುಗಿಸಿದ. ಭಾನುವಾರ ಕೆಲಸ ಮಾಡಬಾರದೆಂದು ಕಟ್ಟುನಿಟ್ಟಾಗಿ ನಂಬಿದ್ದವನು ಅವನು.

ಭಾಷೆಯ ವಾದದಲ್ಲಿ ಸೆರಾಂಪುರ ಸೋತಿತು. 1830ರಲ್ಲಿ ಅಲೆಗ್ಸಾಂಡರ್ ಡಫ್ ಎಂಬ ಸ್ಕಾಟಿಷ್ ಮಿಷನರಿ ಕಲ್ಕತ್ತದಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆ ತೆರೆದ. ನೆರವಾದವರು ರಾಮಮೋಹನ ರಾಯರು. ಹುಡುಗರು ಮುಗಿಬಿದ್ದರು, ಏಕೆಂದರೆ ಇಂಗ್ಲಿಷ್ ಬಲ್ಲವನಿಗೆ ಕೆಲಸವಿತ್ತು. ಕೇರಿ 1834ರ ಜೂನ್ 9ರಂದು ತೀರಿಕೊಂಡ. ಮರುವರ್ಷ ಮೆಕಾಲೆಯ ಟಿಪ್ಪಣಿಯ ಮೇರೆಗೆ ಸರಕಾರದ ಹಣ ಇಂಗ್ಲಿಷ್ ಶಿಕ್ಷಣಕ್ಕೆ ಹೊರಳಿತು. ಮ್ಯಾಕ್‌ನ ಬಂಗಾಳಿ ರಸಾಯನಶಾಸ್ತ್ರಕ್ಕೆ ಓದುಗರೇ ಇಲ್ಲವಾದರು.

ಕಾಲೇಜು ಮಾತ್ರ ಉಳಿಯಿತು. 1827ರಲ್ಲಿ ಡೆನ್ಮಾರ್ಕಿನ ದೊರೆ ಆರನೇ ಫ್ರೆಡರಿಕ್ ಅದಕ್ಕೆ ಪದವಿ ನೀಡುವ ಸನ್ನದು ಕೊಟ್ಟಿದ್ದ. ಕೋಪನ್‌ಹೇಗನ್ ಮತ್ತು ಕೀಲ್ ವಿಶ್ವವಿದ್ಯಾಲಯಗಳಿಗೆ ಇದ್ದಂಥ ಅಧಿಕಾರ. 1845ರಲ್ಲಿ ಡೇನರು ತಮ್ಮ ವಸಾಹತುಗಳನ್ನು ಹನ್ನೆರಡೂವರೆ ಲಕ್ಷ ರೂಪಾಯಿಗೆ ಬ್ರಿಟಿಷರಿಗೆ ಮಾರಿದಾಗ ಆ ಸನ್ನದನ್ನು ಉಳಿಸಿಕೊಡಬೇಕೆಂದು ಒಪ್ಪಂದದಲ್ಲೇ ಬರೆಸಿದರು. ಅದರ ಬಲದ ಮೇಲೆ ಮೊದಲ ದೇವತಾಶಾಸ್ತ್ರ ಪದವಿಗಳನ್ನು ಕೊಟ್ಟದ್ದು 1915ರಲ್ಲಿ, ಸನ್ನದು ಸಿಕ್ಕಿ 88 ವರ್ಷಗಳ ಬಳಿಕ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ, ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಓದುವವರ ಪದವಿಪತ್ರದ ಮೇಲೆ ಸೆರಾಂಪುರದ ಹೆಸರಿರುವುದು ಈ ಕಾರಣಕ್ಕೆ. ಹೂಗ್ಲಿ ದಂಡೆಯ ಮೂಲ ಕಾಲೇಜಿನಲ್ಲಿ ಕಲೆ, ವಿಜ್ಞಾನ, ವಾಣಿಜ್ಯ ವಿಭಾಗಗಳೂ ಇವೆ. ರಸಾಯನಶಾಸ್ತ್ರವೂ ಇದೆ, ಅದರ ಪದವಿ ಕಲ್ಕತ್ತ ವಿಶ್ವವಿದ್ಯಾಲಯದ್ದು.